ಬೆಳಗಿನ ಎರಡು ತಂಬಿಗೆ ನೀರು

ಗುರುವಾರ ಬೆಳಿಗ್ಗೆ ಏಳೂವರೆ ಹೊತ್ತಿಗೆ, ವಳಸಂಗ ದಾಟಿ ಸ್ವಲ್ಪ ದೂರ ಬಂದಿರಬೇಕು, ಯೋಗಿರಾಜನ ಟ್ರಕ್ಕಿನ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಏಳತೊಡಗಿತು. ಗಾಡಿಯನ್ನು ರಸ್ತೆ ಬದಿಯ ಬೇವಿನ ಮರದ ಕೆಳಗೆ ಸರಿಸಿ ಎಂಜಿನ್ ಆರಿಸಿದ. ಹಿಂದೆ ಸೋಲಾಪುರದ ಮಾರ್ಕೆಟ್ಟಿನಲ್ಲಿ ತುಂಬಿದ ಚೆಂಡುಹೂವಿನ ಮೂಟೆಗಳಿದ್ದವು. ಅಕ್ಕಲಕೋಟದಲ್ಲಿ ಗುರುವಾರ ಸ್ವಾಮಿಗಳ ದರ್ಶನಕ್ಕೆ ಜನ ಹೆಚ್ಚು. ಒಂಬತ್ತು ಗಂಟೆಯೊಳಗೆ ಹೂವು ಗುಡಿಯ ಮುಂದಿನ ಅಂಗಡಿಗಳಿಗೆ ಮುಟ್ಟಬೇಕಿತ್ತು.

ಮುಟ್ಟಿದ್ದು ಹನ್ನೆರಡಕ್ಕೆ, ಬೇರೆಯವರ ಟೆಂಪೋದಲ್ಲಿ. ಅಷ್ಟರಲ್ಲಿ ಮೇಲಿನ ಮೂಟೆಗಳು ಬಾಡಿದ್ದವು. ಇಬ್ಬರು ಅಂಗಡಿಯವರು ಹೂವು ಬೇರೆ ಕಡೆ ಕೊಂಡುಬಿಟ್ಟಿದ್ದರು. ಒಬ್ಬಾಕೆ, ಹೂಮಾಲೆ ಕಟ್ಟುವ ಜನಾಬಾಯಿ, "ನಿನ್ನ ಗಾಡಿ ಮುದುಕ ಆಗೇದ ತಮ್ಮಾ, ಅದರ ಭರೋಸಾ ಮ್ಯಾಲ ನಾ ದಂಧಾ ಹ್ಯಾಂಗ ಮಾಡ್ಲಿ?" ಎಂದು ಮೆಲ್ಲಗೇ ಹೇಳಿದಳು. ಟ್ರಕ್ಕನ್ನು ಸಂಜೆ ಹಗ್ಗ ಕಟ್ಟಿ ಅಕ್ಕಲಕೋಟದ ಮನೆಗೆ ಎಳೆದು ತಂದರು.

ಅಂಗಳದ ಕಟ್ಟೆಯ ಮೇಲೆ ಯೋಗಿರಾಜನ ಅಪ್ಪ ಸಾತಲಿಂಗಪ್ಪ ಕೂತಿದ್ದ. ಮೂವತ್ತಾರು ವರ್ಷ ಗಾಡಿ ಹೊಡೆದವನು. ಈ ಟ್ರಕ್ಕನ್ನು ಕೊಂಡವನೂ ಅವನೇ. ಮೂರು ವರ್ಷದ ಹಿಂದೆ ಲೈಸೆನ್ಸು ಮುಗಿದಾಗ "ಸಾಕಪ್ಪ, ಇನ್ನ ನೀ ನಡಸು" ಎಂದು ಕೀಲಿಯನ್ನು ಮಗನ ಕೈಗೆ ಕೊಟ್ಟಿದ್ದ. ಒಂದು ಕೆಲಸ ಮಾತ್ರ ಬಿಟ್ಟಿರಲಿಲ್ಲ. ದಿನಾ ಮಗ ಏಳುವ ಮೊದಲು ಎರಡು ತಂಬಿಗೆ ಬೋರಿನ ನೀರು ತಂದು, ಬಾನೆಟ್ಟು ಎತ್ತಿ, ರೇಡಿಯೇಟರಿಗೆ ಹಾಕುತ್ತಿದ್ದ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟಯರುಗಳನ್ನು ಮುಟ್ಟಿ, "ಎಲ್ಲಾ ಬರೋಬರ್ ಐತಿ, ಹೋಗಿ ಬಾ" ಎನ್ನುತ್ತಿದ್ದ. ಆ ಮಾತು ಕೇಳಿದ ಮೇಲೆಯೇ ಯೋಗಿರಾಜ ಗಾಡಿ ಹತ್ತುವುದು.

"ಕೆಳಗಿನ ಪೈಪ್ ಹರದೈತಿ," ಎಂದ ಯೋಗಿರಾಜ, ಬಗ್ಗಿ ನೋಡುತ್ತ. "ಇವತ್ತಿಂದಲ್ಲ ಇದು. ಎಷ್ಟು ದಿವಸದಿಂದ ಸೋರಾಕತ್ತೈತೋ ಏನೋ."

"ಮುಂಜಾನಿ ನಾ ನೋಡೇನಿ. ಒಂದು ಹನಿ ಸೋರಿದ್ದಿಲ್ಲ," ಎಂದ ಸಾತಲಿಂಗಪ್ಪ.

"ಇಲ್ನೋಡ್ರಿ ಅಪ್ಪಾ." ಗಾಡಿ ದಿನಾ ನಿಲ್ಲುವ ಜಾಗದಲ್ಲಿ ಹಿಟ್ಟು ಕಲಸುವ ಪರಾತದಷ್ಟು ಅಗಲ ಕೆಂಪು ಕಲೆ ಬಿದ್ದಿತ್ತು. ತುಕ್ಕಿನ ನೀರು ಇಳಿದು ಇಳಿದು ಕಲ್ಲು ಬಣ್ಣ ತಿಂದಿತ್ತು. "ಇದು ಕಾಣಲಿಲ್ಲೇನ್ರಿ ನಿಮಗ?"

ಸಾತಲಿಂಗಪ್ಪ ಕಟ್ಟೆಯಿಂದ ಇಳಿಯಲಿಲ್ಲ. "ಹಳೇ ಕಲೆ ಅದು."

"ದಿನಾ ನೋಡ್ತೀನಿ ನೋಡ್ತೀನಿ ಅಂತೀರಿ. ಏನ್ ನೋಡ್ತೀರಿ?"

ಒಳಗಿನಿಂದ ನೀಲಗಂಗಾ ಬಂದಳು. ಸಾತಲಿಂಗಪ್ಪನ ಹೆಂಡತಿ. ಕೈಯಲ್ಲಿ ರೊಟ್ಟಿಯ ಹಿಟ್ಟು ಇತ್ತು. "ಬಂದ ಕೂಡ್ಲೆ ಸುರು ಮಾಡಬ್ಯಾಡ. ಕೈಕಾಲು ತೊಕ್ಕೊಂಡು ಉಣ್ಣು ನಡಿ," ಎಂದು ಮಗನನ್ನು ತಡೆದಳು. ಯೋಗಿರಾಜ ಉಣ್ಣಲು ಹೋದ. ಸಾತಲಿಂಗಪ್ಪ ಕಟ್ಟೆಯ ಮೇಲೇ ಉಳಿದ. ಅವನ ತಾಟನ್ನು ನೀಲಗಂಗಾ ಆಮೇಲೆ ಹೊರಗೇ ತಂದಳು. "ಬಲಕ್ಕ ಶೇಂಗಾ ಚಟ್ನಿ ಹಾಕೀನಿ, ಎಡಕ್ಕ ಬದನಿಕಾಯಿ," ಎಂದು ಹೇಳಿ ಇಟ್ಟಳು. ಅವಳು ದಿನಾ ಹೀಗೆ ಹೇಳುತ್ತಿದ್ದಳು. ಸೊಸೆ ಉಜ್ವಲಾಗೆ ಇದು ಮುದುಕರ ಒಂದು ರೂಢಿ ಎನಿಸಿತ್ತು, ಅಷ್ಟೇ.

*

ಮರುದಿನ ಬೈಪಾಸಿನ ಫಿಟರ್ ಬಸಯ್ಯ ಬಂದು ಬಾನೆಟ್ಟಿನೊಳಗೆ ತಲೆ ಹಾಕಿದ. ಪೈಪು ಒಂದೇ ಆದರೆ ಅರ್ಧ ತಾಸಿನ ಕೆಲಸ ಎಂದ. ಆದರೆ ರೇಡಿಯೇಟರಿನ ಒಳಗೆಲ್ಲ ಬೋರಿನ ನೀರಿನ ಸುಣ್ಣ ಕಟ್ಟಿದೆ, ವಾಟರ್ ಪಂಪು ಜಿನುಗುತ್ತಿದೆ, ಥರ್ಮೋಸ್ಟಾಟ್ ಅನ್ನು ಯಾರೋ ಯಾವಾಗಲೋ ಕಿತ್ತು ಒಗೆದಿದ್ದಾರೆ.

"ನಾನ ತಗದೇನಿ," ಎಂದ ಸಾತಲಿಂಗಪ್ಪ. "ಅದು ಇದ್ರ ಗಾಡಿ ಗರಮ್ ಆಗ್ತೈತಿ."

"ಇಲ್ರಿ ಕಾಕಾ, ಹಂಗಲ್ಲ. ಎಂಜಿನ್ ಬಿಸಿ ಆದಾಗ ತಾನ ಬಾಗಲಾ ತಗೀತೈತಿ, ತಣ್ಣಗಾದಾಗ ಮುಚ್ಚತೈತಿ. ಇರ್ಬೇಕ್ರಿ ಅದು. ಮತ್ತ ಇನ್ನ ನೀರು ಹಾಕಬ್ಯಾಡ್ರಿ. ಎಂಜಿನ್ ತಣ್ಣಗಿಡೂ ಕೂಲಂಟ್ ಹಾಕ್ರಿ. ಒಮ್ಮಿ ಹಾಕಿದ್ರ ಎರಡು ವರ್ಷ ಬಾನೆಟ್ ಎತ್ತೂದ ಬ್ಯಾಡ."

"ಎರಡು ವರ್ಷ?" ಎಂದು ಸಾತಲಿಂಗಪ್ಪ ಕೇಳಿದ.

"ಹೂಂರಿ. ಬಾಜೂಕ ಪ್ಲಾಸ್ಟಿಕ್ ಡಬ್ಬಿ ಬರ್ತೈತಿ, ಅದರ ಮ್ಯಾಲ ಎರಡು ಗೆರಿ ಇರ್ತಾವು. ಗೆರಿ ನೋಡಿದ್ರ ಸಾಕು."

ಸಾತಲಿಂಗಪ್ಪ ಎದ್ದು ಒಳಗೆ ಹೋದ. ಹೊಸಿಲಲ್ಲಿ ಕಾಲು ತಾಗಿ ಸ್ವಲ್ಪ ಮುಗ್ಗರಿಸಿದ. ಬಸಯ್ಯ ನೋಡಲಿಲ್ಲ. ಯೋಗಿರಾಜ ಖರ್ಚಿನ ಯೋಚನೆಯಲ್ಲಿದ್ದ.

ಎಲ್ಲವನ್ನೂ ಬಸಯ್ಯನಿಂದ ಮಾಡಿಸುವಷ್ಟು ಅನುಕೂಲ ಇರಲಿಲ್ಲ. ಬಿಚ್ಚುವುದು, ಕೂಡಿಸುವುದು ತಾನೇ ಮಾಡುವುದೆಂದೂ, ತಿಳಿಯದಿದ್ದರೆ ಮಾತ್ರ ಬಸಯ್ಯನನ್ನು ಕರೆಯುವುದೆಂದೂ ಯೋಗಿರಾಜ ತೀರ್ಮಾನಿಸಿದ. ಬೆಳಿಗ್ಗೆ ಬೇರೊಬ್ಬರ ಗಾಡಿ ನಡೆಸಿ ಎರಡು ಗಂಟೆಗೆ ಬರುತ್ತಿದ್ದ. ಬಂದವನು ನಿಂತೇ ರೊಟ್ಟಿ ತಿಂದು ಟ್ರಕ್ಕಿನ ಕೆಳಗೆ ತೂರುತ್ತಿದ್ದ. ರೇಡಿಯೇಟರಿನ ತಳದಲ್ಲಿ ನೀರು ಬಿಡುವ ಚಾವಿ ತಿರುಗಲಿಲ್ಲ, ಜಂಗು ಹಿಡಿದು ಬೆಸೆದುಹೋಗಿತ್ತು. ಹರಿದ ಪೈಪನ್ನೇ ಕಿತ್ತ. ಚಹಾದ ಬಣ್ಣದ ನೀರು ಬಕೆಟ್ ತುಂಬಿ ಅಂಗಳಕ್ಕೆ ಹರಿಯಿತು, ಜೊತೆಗೆ ಸುಣ್ಣದ ಚಕ್ಕೆಗಳು. ನಾಲ್ಕು ವರ್ಷದ ಮಗಳು ಸಾರಿಕಾ ಚಕ್ಕೆಗಳನ್ನು ಆರಿಸಿ ಸಾಲಾಗಿ ಇಟ್ಟಳು.

ಸಾತಲಿಂಗಪ್ಪ ಕಟ್ಟೆಯಲ್ಲಿ ಕೂತು ಸದ್ದು ಕೇಳುತ್ತಿದ್ದ. "ಮೊದಲ ಫ್ಯಾನಿನ ಪಟ್ಟಾ ಸಡಲ ಮಾಡು," ಎನ್ನುತ್ತಿದ್ದ. "ಆ ಬೋಲ್ಟು ಹನ್ನೆರಡು ನಂಬರಿಂದಲ್ಲ, ಹದಿಮೂರು." ಅವನು ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಅದರಿಂದ ಯೋಗಿರಾಜನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಇಷ್ಟು ತಿಳಿದವನು ಕಣ್ಣೆದುರಿನ ಕಲೆಯನ್ನು ನೋಡಲಿಲ್ಲವೆಂದರೆ ಏನರ್ಥ? ಅವನು ಉತ್ತರ ಕೊಡದೆ ಕೆಲಸ ಮಾಡಿದ. ನಾಲ್ಕೈದು ದಿನ ಕಳೆದ ಮೇಲೆ ಸಾತಲಿಂಗಪ್ಪನೂ ಹೇಳುವುದನ್ನು ನಿಲ್ಲಿಸಿದ.

ರೇಡಿಯೇಟರು ಸೋಲಾಪುರಕ್ಕೆ ಹೋಯಿತು, ಒಳಗಿನ ಜಾಲಿ ಬದಲಿಸಲು. ಎಂಟು ದಿನ ಎಂದವರು ಹದಿನಾರು ದಿನ ಮಾಡಿದರು. ಈ ನಡುವೆ ಹೊಸ ಪೈಪುಗಳು ಬಂದವು. ಒಂದು ಮಧ್ಯಾಹ್ನ ಯೋಗಿರಾಜ ಇಲ್ಲದಾಗ ಸಾತಲಿಂಗಪ್ಪ ಅವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಉದ್ದಕ್ಕೂ ಸವರಿದ. ಸಂಜೆ ಮಗನಿಗೆ ಹೇಳಲಿಲ್ಲ; ಸೊಸೆಗೆ ಹೇಳಿದ.

"ಉಜ್ವಲಾ, ಅವಂಗ ಹೇಳು, ಕೆಳಗಿನ ಪೈಪಿನ ಬಾಗು ಬ್ಯಾರೆ ಐತಿ. ಇದು ನಮ್ಮ ಗಾಡೀದಲ್ಲ."

"ನೀವ ಹೇಳ್ರಿ ಮಾವಾ. ಇಲ್ಲೇ ಅದಾರಲ್ಲ."

"ನೀ ಹೇಳು."

ಉಜ್ವಲಾ ಹೇಳಿದಳು. "ಹೊಸಾದು, ಕಂಪನಿ ಮಾಲು ಐತಿ," ಎಂದು ಯೋಗಿರಾಜ ಗೊಣಗಿದ. ಮರುದಿನ ಹಳೆಯದರ ಪಕ್ಕ ಇಟ್ಟು ನೋಡಿದರೆ ಬಾಗು ಬೇರೆ, ಎರಡು ಬೆರಳಿನಷ್ಟು ಗಿಡ್ಡ. ಬದಲಿಸಿಕೊಂಡು ಬಂದ. ಅದರ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ.

ನೀಲಗಂಗಾ ಎರಡು ಸಲ ಒಲೆ ಹಚ್ಚುವಂತಾಯಿತು. ಮಗ ಉಂಡು ಎದ್ದ ಮೇಲೆ ಗಂಡ ಉಣ್ಣುತ್ತಿದ್ದ. ಗಂಡನದು ಆಗುವವರೆಗೆ ಅವಳು ಉಣ್ಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಮೂರು ಸಲ ತಾಟು ತೊಳೆಯುವುದು ಉಜ್ವಲಾಳ ಪಾಲಿಗೆ ಬಂತು. "ಅತ್ತಿ, ಹಿಂಗ ಎಷ್ಟು ದಿವಸ?" ಎಂದು ಕೇಳಿದಳು. "ಗಾಡಿ ಆಗೂ ತನಕ," ಎಂದಳು ನೀಲಗಂಗಾ.

*

ಗಾಡಿ ಆದದ್ದು ನಾಲ್ಕನೆಯ ವಾರದ ಭಾನುವಾರ. ಬಸಯ್ಯನೂ ಬಂದಿದ್ದ. ಹೊಸ ಪಂಪು, ಹೊಸ ಥರ್ಮೋಸ್ಟಾಟು, ಎರಡೂ ಪೈಪು, ರೇಡಿಯೇಟರಿಗೆ ಹೊಸ ಮುಚ್ಚಳ. ಹಸಿರು ಕೂಲಂಟನ್ನು ಫಿಲ್ಟರ್ ನೀರಿನಲ್ಲಿ ಕಲಸಿ ಸಾವಕಾಶವಾಗಿ ಸುರಿದರು. ಎಂಜಿನ್ ಚಾಲೂ ಮಾಡಿ, ಮುಚ್ಚಳ ತೆರೆದಿಟ್ಟು, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬರುವವರೆಗೆ ಕಾದರು. ಮತ್ತೆ ಸುರಿದರು. ಕೆಳಗೆ ರಟ್ಟು ಹಾಸಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಕಲಸಿದ್ದರಲ್ಲಿ ಒಂದಿಷ್ಟು ಉಳಿಯಿತು. ಮುಂದೆ ಬೇಕಾದೀತು ಎಂದು ಯೋಗಿರಾಜ ಅದನ್ನು ಕೈಗೆ ಸಿಕ್ಕ ನೀರಿನ ಬಾಟಲಿಯಲ್ಲಿ ತುಂಬಿ ಕಟ್ಟೆಯ ಮೇಲಿಟ್ಟ. ಬಸಯ್ಯನನ್ನು ಬೈಕಿನಲ್ಲಿ ಬಿಟ್ಟು ಬರಲು ಹೋದ.

ಬಿಸಿಲು ಏರಿತ್ತು. ಸಾರಿಕಾ ಆಡಿ ಬಂದು ಅಜ್ಜನ ಮೊಣಕಾಲಿಗೆ ಆತುಕೊಂಡಳು. "ಅಜ್ಜಾ, ನೀರು."

ಸಾತಲಿಂಗಪ್ಪನ ಬಾಟಲಿ ಯಾವಾಗಲೂ ಕಟ್ಟೆಯ ಮೇಲೇ ಇರುತ್ತಿತ್ತು. ಕೈ ಚಾಚಿದ, ಸಿಕ್ಕಿತು. ಲೋಟದ ಅಂಚಿಗೆ ಬೆರಳಿಟ್ಟು, ಬೆರಳಿಗೆ ತಣ್ಣಗೆ ತಾಗುವವರೆಗೆ ಸುರಿದು ಮೊಮ್ಮಗಳಿಗೆ ಕೊಟ್ಟ.

ಹುಡುಗಿ ಅಡುಗೆಮನೆಗೆ ಓಡಿದಳು. ಎರಡೂ ಕೈಯಲ್ಲಿ ಲೋಟ ಹಿಡಿದಿದ್ದಳು.

"ಮಮ್ಮಿ, ಅಜ್ಜ ನಂಗ ಶರಬತ್ ಕೊಟ್ಟಾನ."

ಉಜ್ವಲಾ ತಿರುಗಿ ನೋಡಿದಳು. ಲೋಟದಲ್ಲಿ ಗಾಢ ಹಸಿರು. ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಲೋಟವನ್ನು ಕಿತ್ತುಕೊಂಡಳು. "ಕುಡದಿಯೇನ? ಬಾಯಿ ತಗಿ. ಕುಡದಿಯೇನು?"

"ಇಲ್ಲ. ನಿಂಗ ತೋರಸಾಕ ತಂದೀನಿ. ಇಷ್ಟ ನೆಕ್ಕೀನಿ. ಸೀ ಐತಿ."

ಉಜ್ವಲಾ ಮಗಳ ಬಾಯಿ ತೊಳೆದಳು, ಮತ್ತೆ ತೊಳೆದಳು. ಎತ್ತಿಕೊಂಡು ಬರಿಗಾಲಿನಲ್ಲೇ ಓಣಿಯ ಕೊನೆಯ ದವಾಖಾನೆಗೆ ಓಡಿದಳು. ಡಾಕ್ಟರು ಬಾಟಲಿಯನ್ನು ತರಿಸಿ ನೋಡಿ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಏನೂ ಆಗಲಿಲ್ಲ. ಹೊರಡುವಾಗ ಮಾತ್ರ, ಲೋಟ ಪೂರ್ತಿ ಒಳಗೆ ಹೋಗಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲ ಎಂದು ಹೇಳಿದರು.

*

ಅಂದು ಸಂಜೆ ಮಾತಾಯಿತು. ಸಾರಿಕಾ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಉಜ್ವಲಾ ಅವಳ ಪಕ್ಕದಿಂದ ಏಳಲಿಲ್ಲ. ಸಾತಲಿಂಗಪ್ಪ ಹೊರಗೆ ಕಟ್ಟೆಯ ಮೇಲಿದ್ದ. ನಡುವೆ ತೆರೆದ ಬಾಗಿಲು.

"ಹಸರು ನೀರು ಯಾರರ ಕುಡಸ್ತಾರೇನು?" ಎಂದ ಯೋಗಿರಾಜ. "ತಲಿ ಎಲ್ಲೈತಿ ಇವರ್ದು?"

"ನೀರಿನ ಬಾಟ್ಲಿಯೊಳಗ ಅದನ್ನ ತುಂಬಿಟ್ಟಾವ ನೀ," ಎಂದಳು ನೀಲಗಂಗಾ.

"ತಪ್ಪು ನಂದು. ಒಪ್ತೀನಿ. ಆದರ ಕಣ್ಣು ಇದ್ದಾವ್ರಿಗೆ ಹಸರು ಕಾಣೂದಿಲ್ಲೇನವ್ವಾ?"

ನೀಲಗಂಗಾ ಸೆರಗಿನಿಂದ ಕೈ ಒರೆಸಿಕೊಂಡಳು. ದೇವರ ಗೂಡಿಗೆ ಹೋಗಿ ವಿಭೂತಿ ಗಟ್ಟಿಗಳ ಹಿಂದೆ ಕೈ ಹಾಕಿ ಎರಡು ಸಣ್ಣ ಬಾಟಲಿಗಳನ್ನು ತಂದು ಮಗನ ಮುಂದೆ ಇಟ್ಟಳು. ಕಣ್ಣಿಗೆ ಹಾಕುವ ಔಷಧಿ. ಒಂದು ಖಾಲಿಯಾಗಿತ್ತು.

"ಕಾಣೂದಿಲ್ಲ," ಎಂದಳು. "ಕಾಚಬಿಂದು ಅಂತ ಕಣ್ಣಿನ ಬ್ಯಾನಿ. ಎರಡೂ ಬದೀಲಿಂದ ಕತ್ತಲಿ ಬರ್ತೈತಂತ. ನಡುವ ಒಂದೀಟ ಉಳದಿತ್ತು, ಅದೂ ಈಗ ಮಬ್ಬು ಆಗೇದ. ಒಂದೂವರಿ ವರ್ಷ ಆತು."

"ಒಂದೂವರಿ ವರ್ಷ," ಎಂದ ಯೋಗಿರಾಜ.

"ನನ್ನ ತಂಗಿ ಮನೀಗೆ ಹೊಂಟೀವಂತ ಹೇಳಿ ಸೋಲಾಪುರಕ್ಕ ಹೋಗಿದ್ವಲ್ಲ, ಅವಾಗ. ಹೋದದ್ದು ತಿರುಗಿ ಬರೂದಿಲ್ಲ, ಇದ್ದದ್ದು ಉಳೀಬೇಕಾದ್ರ ಔಷಧಿ ಬಿಡಬಾರದು, ತಪಾಸಣಿಗೆ ಬರ್ತಿರಬೇಕು ಅಂದ್ರು ಡಾಕ್ಟರು. ಮತ್ತ ಹೋಗ್ಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದ್ರು ನಿಮ್ಮಪ್ಪ. ಹೇಳಿದ್ರ ನೀ ಅವರನ್ನ ಗಾಡಿ ಹತ್ರ ಬಿಡ್ತಿದ್ದೇನು? ಮುಂಜಾನಿ ಎದ್ದು ಆ ಎರಡು ತಂಬಿಗಿ ನೀರು ಹಾಕೂದು, ಅಷ್ಟ ಇತ್ತು ಅವರಿಗೆ."

"ಅದಕ್ಕ ನಾ ದಿನಾ ಅವರ ಮಾತು ನಂಬಿ ಗಾಡಿ ಹೊಡೀಬೇಕಾಗಿತ್ತು? ಬ್ರೇಕ್ ಹೋಗಿದ್ರ?"

ಉಜ್ವಲಾ ಮಲಗಿದ್ದ ಮಗಳ ಮೇಲಿಂದ ಕಣ್ಣು ತೆಗೆಯದೆ ಮಾತಾಡಿದಳು. "ಮಾವನ ಮ್ಯಾಲ ನನಗ ಸಿಟ್ಟಿಲ್ಲ ಅತ್ತಿ. ನಿಮ್ಮ ಮ್ಯಾಲ ಐತಿ. ನಿಮಗ ಗೊತ್ತಿತ್ತು. ಗೊತ್ತಿದ್ದೂ ದಿನಾ ಕೂಸನ್ನ ಅವರ ಹತ್ರ ಕುಂಡ್ರಿಸಿ ಬರ್ತಿದ್ರಿ."

ಹೊರಗೆ ಕಟ್ಟೆಯ ಮೇಲೆ ಸಾತಲಿಂಗಪ್ಪ ಕೆಮ್ಮಿದ. ಎಲ್ಲ ಕೇಳಿಸಿದೆ ಎಂದು ಮೂವರಿಗೂ ತಿಳಿಯಿತು. ಯಾರೂ ಹೊರಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಎದ್ದು, ಗೋಡೆ ಹಿಡಿದುಕೊಂಡು, ಹಿತ್ತಲ ಕಡೆಯಿಂದ ತನ್ನ ಕೋಣೆಗೆ ಹೋದ. ಅಷ್ಟು ದಿನ ಗೋಡೆ ಹಿಡಿಯದೆ ನಡೆಯುತ್ತಿದ್ದ.

*

ಟ್ರಕ್ಕು ಮತ್ತೆ ರಸ್ತೆಗಿಳಿಯಿತು. ಜನಾಬಾಯಿ ಹೂವಿನ ಆರ್ಡರು ತಿರುಗಿ ಕೊಟ್ಟಳು. ಸೋಲಾಪುರಕ್ಕೆ ಹೋಗಿ ಬಂದರೂ ಗಾಡಿಯ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಮೇಲೆ ಏಳಲಿಲ್ಲ. ಯೋಗಿರಾಜ ಬೆಳಿಗ್ಗೆ ಎದ್ದು, ಟಾರ್ಚ್ ಹಿಡಿದು, ಪ್ಲಾಸ್ಟಿಕ್ ಡಬ್ಬಿಯ ಗೆರೆ ನೋಡಿ, ಟಯರು ನೋಡಿ, ತಾನೇ ಹೊರಡುತ್ತಿದ್ದ.

ಸಾತಲಿಂಗಪ್ಪನಿಗೆ ಆ ಹೊತ್ತಿಗೆ ಎಚ್ಚರವಾಗುವುದು ತಪ್ಪಲಿಲ್ಲ. ಹೊದಿಕೆ ಮಡಚಿಟ್ಟು ಮಂಚದ ಮೇಲೆ ಕೂತಿರುತ್ತಿದ್ದ. ಗಾಡಿ ಚಾಲೂ ಆಗುವುದು, ಗೇಟು ತೆರೆಯುವುದು, ಓಣಿ ತಿರುಗಿ ಸದ್ದು ದೂರವಾಗುವುದು ಕೇಳಿಸುತ್ತಿತ್ತು. ಆಮೇಲೆ ಇಡೀ ದಿನ ಉಳಿಯುತ್ತಿತ್ತು. ಸಾರಿಕಾಳನ್ನು ಉಜ್ವಲಾ ಅಂಗನವಾಡಿಗೆ ಕಳಿಸಿ, ಬಂದ ಮೇಲೆ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದಳು. ಹುಡುಗಿ ಒಂದು ಸಲ ಕೋಣೆಯ ಬಾಗಿಲಿಗೆ ಬಂದು ಕೇಳಿದಳು: "ಅಜ್ಜಾ, ನಾ ಎಲ್ಲಿ ಅದೀನಿ ಹೇಳು?"

"ಬಾಗಲದಾಗ."

"ಈಗ?"

ಅವನು ಕಿವಿಗೊಟ್ಟ. ಅಷ್ಟರಲ್ಲಿ ಒಳಗಿನಿಂದ ತಾಯಿ ಕರೆದಳು. ಹುಡುಗಿ ಸದ್ದಿಲ್ಲದೆ ಓಡಿಹೋದಳು. "ಮಂಚದ ಕೆಳಗ," ಎಂದ ಸಾತಲಿಂಗಪ್ಪ. ಉತ್ತರ ಬರಲಿಲ್ಲ. "ಅಲ್ಲೇನು? ಹಂಗಾರ ಕಪಾಟಿನ ಹಿಂದ," ಎಂದ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನೀಲಗಂಗಾಗೆ ಅದು ಕೇಳಿಸಿತು. ಬಂದು, "ಕೂಸು ಹೋಗೈತ್ರಿ," ಎಂದಳು.

"ಯಾವಾಗ?"

"ಆಗಲೇ ಹೋತು."

ಆ ರಾತ್ರಿ ನೀಲಗಂಗಾ ಮಗನಿಗೆ ಬಡಿಸುವಾಗ, "ಸೋಲಾಪುರಕ್ಕ ಕರ್ಕೊಂಡು ಹೋಗು," ಎಂದಳು. "ನಾ ಕರದ್ರ ಒಲ್ಲೆ ಅಂತಾರ."

"ನಾ ಕರದ್ರ ಬರ್ತಾರೇನು?"

"ಕರದು ನೋಡು."

ಯೋಗಿರಾಜ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಅಪ್ಪನೊಂದಿಗೆ ನೇರವಾಗಿ ಮಾತಾಡಿ ಆರು ವಾರ ಆಗಿತ್ತು. ಉಂಡು ಕೈ ತೊಳೆದು ಕೋಣೆಯ ಬಾಗಿಲಿಗೆ ಹೋಗಿ ನಿಂತ. ಕೊನೆಗೆ, "ಅಪ್ಪಾ, ನಾಳೆ ಗಾಡಿ ಖಾಲಿ ಹೋಗತೈತ್ರಿ. ಬರ್ತೀರೇನು?" ಎಂದ.

ಸಾತಲಿಂಗಪ್ಪ ಎಲ್ಲಿಗೆ ಎಂದು ಕೇಳಲಿಲ್ಲ. "ಎಷ್ಟಕ್ಕ?" ಎಂದ.

*

ಉಜ್ವಲಾ ಕಡಕ್ ರೊಟ್ಟಿ, ಝುಣಕ ಕಟ್ಟಿಕೊಟ್ಟಳು. ಮಾವನ ಕೈಗೆ ನೀರಿನ ಬಾಟಲಿ ಕೊಡುವಾಗ, "ನೀರ್ರಿ ಮಾವಾ, ನಾನ ತುಂಬೀನಿ," ಎಂದಳು. ಅವನು ತಲೆಯಾಡಿಸಿದ.

ದಾರಿಯಲ್ಲಿ ಹೆಚ್ಚು ಮಾತಾಗಲಿಲ್ಲ. ಸಾತಲಿಂಗಪ್ಪ ತಲೆ ಸ್ವಲ್ಪ ವಾರೆ ಮಾಡಿ ಎಂಜಿನ್ನಿನ ಸದ್ದು ಕೇಳುತ್ತ ಕೂತಿದ್ದ. ವಳಸಂಗದ ಹತ್ತಿರ, "ಪಂಪು ಚಲೋ ಕುಂತೈತಿ," ಎಂದ. "ಹೂಂರಿ," ಎಂದ ಯೋಗಿರಾಜ. ಸೋಲಾಪುರದಲ್ಲಿ ನವಿ ಪೇಠದ ಗದ್ದಲ ತಪ್ಪಿಸಿ ಹೊರರಸ್ತೆಯಿಂದ ಕಣ್ಣಿನ ಆಸ್ಪತ್ರೆ ಸೇರಿದರು.

ಮೊದಲು ಕಣ್ಣಿನ ಒತ್ತಡ ನೋಡಿದರು. ಆಮೇಲೆ ಒಂದು ಕತ್ತಲೆ ಕೋಣೆಗೆ ಕಳಿಸಿದರು. ಅಲ್ಲಿ ದೊಡ್ಡ ಬಟ್ಟಲಿನಂಥ ಬಿಳಿ ಯಂತ್ರ. ಅದರ ಮುಂದೆ ಗದ್ದ ಊರಿ ಕೂರಬೇಕು. ಬಟ್ಟಲಿನೊಳಗೆ ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗ ಕೈಯಲ್ಲಿರುವ ಬಟನ್ ಒತ್ತಬೇಕು. ಅಲ್ಲಿದ್ದ ಹುಡುಗಿ ಮರಾಠಿಯಲ್ಲಿ ವಿವರಿಸಿ, ತಿಳಿಯಿತೇ ಎಂದು ಕೇಳಿದಳು. "ಸಮಜಲ ಕಾ ಬಾಬಾ?"

"ಸಮಜಲ," ಎಂದ ಸಾತಲಿಂಗಪ್ಪ.

ಯೋಗಿರಾಜ ಹೊರಗೆ ಬೆಂಚಿನ ಮೇಲೆ ಕೂತ. ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಬಟನ್ನಿನ ಸದ್ದು ಬರುತ್ತಿತ್ತು. ಟಕ್. ಟಕ್. ಟಕ್. ಒಂದೇ ಅಳತೆಯಲ್ಲಿ, ಬಿಟ್ಟೂಬಿಡದೆ. ಇಷ್ಟೊಂದು ಕಾಣುತ್ತಿದೆಯಲ್ಲ ಎಂದು ಯೋಗಿರಾಜನ ಎದೆ ಹಗುರಾಯಿತು. ಅವ್ವ ಸುಮ್ಮನೆ ಹೆದರಿದಳೇನೋ.

ಹುಡುಗಿ ಹೊರಗೆ ಬಂದಳು. ಬಾಬಾ ಬೆಳಕು ಇಲ್ಲದಾಗಲೂ ಒತ್ತುತ್ತಿದ್ದಾರೆ, ಹೀಗಾದರೆ ತಪಾಸಣೆ ಲೆಕ್ಕಕ್ಕೆ ಬರುವುದಿಲ್ಲ, ನೀವೇ ಹೇಳಿ ಎಂದಳು.

ಯೋಗಿರಾಜ ಒಳಗೆ ಹೋಗಿ ಅಪ್ಪನ ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಸಾತಲಿಂಗಪ್ಪ ಯಂತ್ರದಿಂದ ಗದ್ದ ಎತ್ತಿರಲಿಲ್ಲ.

"ಅಪ್ಪಾ, ಕಂಡಾಗಷ್ಟ ಒತ್ತಬೇಕಂತ್ರಿ."

"ಕಂಡಾಗಷ್ಟ ಒತ್ತಿದ್ರ..." ಸಾತಲಿಂಗಪ್ಪ ನಿಲ್ಲಿಸಿದ. ಹೆಬ್ಬೆರಳು ಇನ್ನೂ ಬಟನ್ನಿನ ಮೇಲಿತ್ತು. "ಎಲ್ಲಾ ಬರದು ಇಡ್ತಾರಲ್ಲೋ ಇವರು."

"ಇಡ್ಲಿ ಬಿಡ್ರಿ."

"ನೀ ಹೊರಗ ಕೂಡು."

"ಇಲ್ಲೇ ಇರ್ತೀನ್ರಿ."

"ಬ್ಯಾಡ. ಹೊರಗ ಕೂಡು."

ಯೋಗಿರಾಜ ಹೊರಗೆ ಬಂದ. ಹುಡುಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಯಂತ್ರ ಗುಂಯ್ ಎನ್ನುತ್ತಿತ್ತು. ಒಂದು ಸಲ ಟಕ್ ಎಂದಿತು. ಆಮೇಲೆ ಸದ್ದಿಲ್ಲ. ಯೋಗಿರಾಜ ಮುಂದಕ್ಕೆ ಬಾಗಿ, ಎರಡೂ ಮೊಣಕೈಗಳನ್ನು ತೊಡೆಗೂರಿ ಕಿವಿಗೊಟ್ಟ. ಎದುರಿನ ಗೋಡೆಯ ಗಡಿಯಾರದ ಮುಳ್ಳು ಸರಿಯುತ್ತಲೇ ಇತ್ತು. ನರ್ಸು ಒಬ್ಬಳು ಫೈಲು ಹಿಡಿದು ಹೋದಳು, ಬಂದಳು. ಇನ್ನೊಂದು ಸಲ ಟಕ್ ಎಂದಿತೋ ಇಲ್ಲವೋ ಅವನಿಗೆ ಖಾತ್ರಿಯಾಗಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು ಸೊಸೆಯ ಕೈ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂತಳು. ತನ್ನ ಪಾಳಿಗಾಗಿ ಕಾದಳು. ಕೋಣೆಯ ಕಡೆ ಕಿವಿ ತಿರುಗಿಸಿ ಬಹಳ ಹೊತ್ತು ಕೇಳಿದಳು.

"ತಮ್ಮಾ, ಒಳಗ ಯಾರೂ ಇಲ್ಲೇನು?" ಎಂದಳು.

"ಅದಾರ್ರಿ," ಎಂದ ಯೋಗಿರಾಜ. "ನಮ್ಮಪ್ಪ ಅದಾರ."